ಅತ್ತೆಯ ನಿದ್ದೆ

ನಮ್ಮೂರಿನಲ್ಲಿ ದೊಡ್ಡವರು ಚಿಕ್ಕವರ ಅಂಗಾಲಿಗೆ ಎಣ್ಣೆ ತಿಕ್ಕಿದರೆ, ತಿಕ್ಕಿದವರ ನಿದ್ದೆ ತಿಕ್ಕಿಸಿಕೊಂಡವರಿಗೆ ಹೋಗುತ್ತದೆ. ಚಿಕ್ಕವರು ದೊಡ್ಡವರಿಗೆ ತಿಕ್ಕಿದರೆ ಏನೂ ಹೋಗುವುದಿಲ್ಲ, ಚಾಪೆಗೆ ಎಣ್ಣೆ ಹತ್ತುತ್ತದೆ ಅಷ್ಟೆ. ವಯಸ್ಸಿರುವವರೆಗೆ ಕೊಟ್ಟ ನಿದ್ದೆ ಮತ್ತೆ ಊರಿಕೊಳ್ಳುತ್ತದೆ, ಸೇದಿದ ಬಾವಿಯಲ್ಲಿ ಬೆಳಗಾಗುವುದರೊಳಗೆ ನೀರು ತುಂಬುವ ಹಾಗೆ. ವಯಸ್ಸಾದ ಮೇಲೆ ಊಟೆ ಬತ್ತುತ್ತದೆ. ಆದ್ದರಿಂದ ನಮ್ಮೂರಿನ ಮುದುಕರು ಮಲಗುವುದಿಲ್ಲ.

ಇದಕ್ಕೆ ಯಾರೂ ತಲೆಯ ಮೇಲೆ ಕೈ ಹೊತ್ತು ಕೂತಿಲ್ಲ. ಅಕ್ಕಿಯ ಕಲ್ಲು ಆರಿಸುವುದು, ಹೂ ಕಟ್ಟುವುದು, ಹುಣಸೆಹಣ್ಣಿನ ಬೀಜ ಬಿಡಿಸುವುದು ಎಲ್ಲವೂ ಜಗಲಿಯ ಮೇಲೆ ಕೂತ ಅಜ್ಜಿಯರ ಕೈಯಲ್ಲಿ ಬೆಳಗಿನೊಳಗೆ ಮುಗಿದಿರುತ್ತದೆ. ಕಳ್ಳರು ನಮ್ಮೂರಿನ ಕಡೆ ತಲೆ ಹಾಕುವುದಿಲ್ಲ. ಹೆಣ್ಣು ಕೊಡುವವರು ಮೊದಲು ಗಂಡಿನ ತಾಯಿಯ ಮುಖ ನೋಡುತ್ತಾರೆ. ಕಣ್ಣಿನ ಕೆಳಗೆ ಕಪ್ಪಿದ್ದರೆ ಕೊಡುವ ಕೈ, ಒಳ್ಳೆಯ ಮನೆ ಎಂದು ಒಪ್ಪಿಕೊಳ್ಳುತ್ತಾರೆ. ಗೆಳತಿಯರಿಬ್ಬರು ಯಾರು ದೊಡ್ಡವಳೆಂದು ಜಗಳಕ್ಕೆ ಬಿದ್ದರೆ ಯಾರಾದರೂ ಎಣ್ಣೆ ಬಟ್ಟಲು ತಂದು ನಡುವೆ ಇಡುತ್ತಾರೆ. ತಿಕ್ಕಿ ಮಾರನೆಯ ದಿನ ಆಕಳಿಸಿದವಳೇ ದೊಡ್ಡವಳು. ಹೊಸದಾಗಿ ಮದುವೆಯಾದ ಗಂಡಸರು ಹೆಂಡತಿಯ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಳ್ಳುತ್ತಾರೆ. ವರ್ಷ ಕಳೆಯುವುದರೊಳಗೆ ಅಂಗೈಯಲ್ಲಿ ಉರಿ ಎನ್ನುತ್ತಾರೆ.

ನನ್ನ ಅತ್ತೆ ಚೆಲುವಮ್ಮನವರದು ಬಹಳ ಕೊಟ್ಟ ಕೈ. ತಮ್ಮ ಮಕ್ಕಳಿಗೆ ಕೊಟ್ಟರು, ಮೈದುನಂದಿರಿಗೆ ಕೊಟ್ಟರು, ಬಾಣಂತಿಯಾಗಿ ನಾನು ಜ್ವರದಲ್ಲಿ ಬಿದ್ದಾಗ ನನಗೂ ನನ್ನ ಮಗಳು ಕುಮುದಳಿಗೂ ಕೊಟ್ಟರು. ನಾನು ಕಂಡ ಹಾಗೆ ಅವರ ಕಣ್ಣು ಯಾವಾಗಲೂ ಕೆಂಪು. ಅವರಿಗೆ ಅದು ಸಹಜ ಎಂದುಕೊಂಡಿದ್ದೆ, ಕೆಲವರ ಹಲ್ಲು ಉಬ್ಬಿರುವ ಹಾಗೆ.

ಒಂದು ಮಧ್ಯಾಹ್ನ ನಮ್ಮ ಹಿಟ್ಟಿನ ಗಿರಣಿಯ ಮೂಲೆಯಲ್ಲಿ ಅತ್ತೆ ಬೆಕ್ಕಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಬೆಕ್ಕು ಗೋಧಿ ಮೂಟೆಯ ಮೇಲೆ ಮಲಗಿತ್ತು.

"ಪಂಕಜಾ, ನಿದ್ದೆ ಬರುವಾಗ ಮೊದಲು ಕಾಲು ಹೋಗುತ್ತಾ, ತಲೆ ಹೋಗುತ್ತಾ?" ಎಂದು ಕೇಳಿದರು.

"ಯಾಕೆ ಅತ್ತೆ?"

"ಮರೆತುಹೋಗಿದೆ ಕಣೆ. ಇದನ್ನ ನೋಡಿ ಕಲಿಯೋಣ ಅಂತ ಕೂತೆ. ಇದು ಬಾಲದಿಂದ ಶುರು ಮಾಡುತ್ತೆ. ನನಗೆ ಅದಿಲ್ಲವಲ್ಲ."

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಬೆಕ್ಕಿನ ಮೈಮೇಲಿನ ಹಿಟ್ಟು ಒರೆಸುತ್ತಾ ಹೇಳಿದರು: "ನಮ್ಮವ್ವ ಕೊನೇ ಸಲ ನನ್ನ ಕಾಲಿಗೆ ಎಣ್ಣೆ ತಿಕ್ಕಿದ್ದು ನನ್ನ ಮದುವೆ ದಿವಸ. ಅದೊಂದನ್ನ ಯಾರಿಗೂ ಕೊಡದೆ ತಳದಲ್ಲಿ ಇಟ್ಟುಕೊಂಡಿದೀನಿ. ಮೇಲಿನ ನನ್ನ ನಿದ್ದೆ ಪೂರಾ ಒಣಗಿ, ಅದರ ತನಕ ಇಳಿಯೋಕೆ ಆಗ್ತಾ ಇಲ್ಲ. ಸಾಯೋದರೊಳಗೆ ಒಂದು ಸಲ ಅದನ್ನ ಮಲಗಬೇಕು. ಅದರಲ್ಲಿ ಅವ್ವ ಇದಾಳೆ."

ಕೊಟ್ಟ ನಿದ್ದೆಯಲ್ಲಿ ಕೊಟ್ಟವರು ಇರುತ್ತಾರೆ, ಅದು ನಮಗೆಲ್ಲ ಗೊತ್ತು. ಆದರೆ ಅತ್ತೆ ತಮಗೆಂದು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮಾರನೆಯ ದಿನವೇ ಅವರನ್ನು ಭುಜಂಗ ಪಂಡಿತರ ಮನೆಗೆ ಕರೆದುಕೊಂಡು ಹೋದೆ. ಪಂಡಿತರ ಪಡಸಾಲೆಯಲ್ಲಿ ಊರಿನ ಮುದುಕರಲ್ಲಿ ಅರ್ಧ ಜನ ಗೋಡೆಗೆ ಒರಗಿ ಕೂತಿರುತ್ತಾರೆ. ಔಷಧಕ್ಕಿಂತ ಹರಟೆಗೇ ಬರುವವರು ಹೆಚ್ಚು. ಪಂಡಿತರು ನಾಡಿ ಹಿಡಿದು, ನಾಲಗೆ ನೋಡಿ, ಅತ್ತೆಯ ಅಂಗೈಯನ್ನು ಬೆಳಕಿಗೆ ಹಿಡಿದರು. ರೇಖೆಗಳು ಸವೆದುಹೋಗಿದ್ದವು.

"ವಾತ ತಲೆಗೇರಿ ಕೂತಿದೆ. ಇಳಿಸಬಹುದು," ಎಂದು ನನ್ನ ಕಡೆ ತಿರುಗಿದರು. "ಆದರೆ ತಾಳ್ಮೆ ನಿನಗೆ ಬೇಕಮ್ಮ, ಇವರಿಗಲ್ಲ. ಎಲ್ಲರೂ ಶುರು ಮಾಡ್ತಾರೆ, ಹದಿನೈದು ದಿನಕ್ಕೆ ಬಿಡ್ತಾರೆ. ಔಷಧದಿಂದ ಬರೋ ನಿದ್ದೆ ಮೊಳಕೆ ಇದ್ದ ಹಾಗೆ. ಅದು ಬಲಿಯೋ ತನಕ ಇವರು ಯಾರ ಕಾಲನ್ನೂ ಮುಟ್ಟಬಾರದು."

"ಒಂದೇ ಒಂದು ಸಲ ಮುಟ್ಟಿದರೆ?"

"ಮೊಳಕೆ ಹಿಡಿದು ಎಳೆದರೆ ಅದರ ಜೊತೆ ಬೀಜವೂ ಬಂದುಬಿಡುತ್ತಲ್ಲಮ್ಮ."

ಹೊರಗೆ ಬಂದ ಕೂಡಲೆ ಅತ್ತೆ ಕೇಳಿದ್ದು ಒಂದೇ ಮಾತು. "ಮಧ್ಯಾಹ್ನದ ಮೇಲೆ ಕಾಫಿ ಬೇಡ ಅಂದರಲ್ಲ, ಅದು ನಿಜವಾಗಲೂ ಅಂದರಾ, ಇಲ್ಲಾ ಸುಮ್ಮನೆ ಬಾಯಿಮಾತಿಗಾ?"

"ನಿಜವಾಗಲೂ ಅಂದರು."

"ಅವರಿಗೆ ಏನು ಗೊತ್ತು. ಅವರೇ ಮಲಗಿ ಎಷ್ಟು ವರ್ಷ ಆಯ್ತೋ."

ಶುರು ಮಾಡಿದೆವು. ಬೆಳಿಗ್ಗೆ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂರಿಸುತ್ತಿದ್ದೆ. ಹಿತ್ತಲಿನ ತೇವದಲ್ಲಿ ಬೆಳೆದ ಒಂದೆಲಗವನ್ನು ಅರೆದು, ರಸ ಹಿಂಡಿ, ಎಳ್ಳೆಣ್ಣೆಯಲ್ಲಿ ನೀರು ಹಾರುವ ತನಕ ಸಣ್ಣ ಉರಿಯಲ್ಲಿ ಕಾಯಿಸಿ ಇಟ್ಟುಕೊಂಡೆ. ವಾರಕ್ಕೆರಡು ದಿನ ಅದನ್ನು ಬೆಚ್ಚಗೆ ಮಾಡಿ ನೆತ್ತಿಗೆ ಹಾಕಿ ತಟ್ಟುವುದು, ಅದು ಇಂಗುವವರೆಗೆ ಬಿಟ್ಟು ಬಿಸಿನೀರು ಹುಯ್ಯುವುದು. ರಾತ್ರಿಯ ಊಟವನ್ನು ಕತ್ತಲಾಗುವ ಮುಂಚೆಯೇ ಬಡಿಸಿ, ಆಮೇಲೆ ಎಮ್ಮೆ ಹಾಲಿಗೆ ಜಾಯಿಕಾಯಿಯನ್ನು ಕಲ್ಲಿನ ಮೇಲೆ ಒಂದೆರಡು ಸುತ್ತು ತೇದು ಹಾಕಿ ಕೊಡುತ್ತಿದ್ದೆ. ಜಾಸ್ತಿ ತೇದರೆ ತಲೆ ಸುತ್ತುತ್ತದೆ, ಅದು ನಿದ್ದೆಯಲ್ಲ ಎಂದು ಪಂಡಿತರು ಎಚ್ಚರಿಸಿದ್ದರು. ಆಗಾಗ ಗಸಗಸೆ ಪಾಯಸ. ಪಾಯಸದ ದಿನ ಅತ್ತೆ ಮಧ್ಯಾಹ್ನದಿಂದಲೇ ಅಡಿಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದರು.

ಅಂಗಾಲಿಗೂ ಎಣ್ಣೆ ಹಚ್ಚುತ್ತಿದ್ದೆ. ಎದುರುಮನೆಯ ಹೂವಮ್ಮ ನೋಡಿ, "ಇದೇನು ಪಂಕಜಾ, ಮೇಲಕ್ಕೆ ಹರಿಯುತ್ತಾ ಅಂತ ನೋಡ್ತಿದೀಯಾ?" ಎಂದು ಅಣಕಿಸಿದಳು. ಹರಿಯುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೆ? ವಾತ ಇಳಿಯಲು ಎಣ್ಣೆ ಬೇಕೆಂದು ಪಂಡಿತರು ಹೇಳಿದ್ದರು, ಹಚ್ಚಿದೆ. ಮೊದಲ ದಿನ ಅತ್ತೆ ಕಾಲೆಳೆದುಕೊಂಡು ಕಚಗುಳಿ ಎಂದು ಹುಡುಗಿಯ ಹಾಗೆ ಕಿರುಚಿದರು. ಅವರ ಅಮ್ಮನ ನಂತರ ಆ ಅಂಗಾಲನ್ನು ಯಾರೂ, ನನ್ನ ಮಾವ ಕೂಡ, ಮುಟ್ಟಿರಲಿಲ್ಲ.

ಹದಿನೈದು ದಿನ ಕಳೆಯಿತು, ತಿಂಗಳುಗಳು ಕಳೆದವು. ಒಂದೆಲಗ ಎರಡು ಸಲ ಚಿಗುರಿತು. ಒಂದು ಸಂಜೆ ದೀಪ ಹಚ್ಚಿ ಹಿಂದಿರುಗಿದರೆ ಅತ್ತೆ ಚಾಪೆಯ ಮೇಲೆ ಅರ್ಧ ಕಟ್ಟಿದ ಕನಕಾಂಬರದ ದಂಡೆಯನ್ನು ಹಿಡಿದುಕೊಂಡೇ ಒಂದು ಕಡೆಗೆ ವಾಲಿದ್ದರು. ಉಸಿರಿದೆಯೇ ಎಂದು ಹತ್ತಿರ ಹೋದೆ. ಗೊರಕೆ! ಓಡಿಹೋಗಿ ನನ್ನ ಗಂಡನಿಗೆ ಸನ್ನೆ ಮಾಡಿದೆ. ಅವರು ಗಿರಣಿ ನಿಲ್ಲಿಸಿ ಬಂದು, ಬಾಗಿಲಲ್ಲಿ ನಿಂತು, ಹಿಟ್ಟು ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡರು. ಮುಖವೆಲ್ಲ ಹಿಟ್ಟಾಯಿತು. "ಅವ್ವ ಗೊರಕೆ ಹೊಡೀತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ ಕಣೆ," ಎಂದರು ಪಿಸುದನಿಯಲ್ಲಿ.

ಬೆಳಿಗ್ಗೆ ಅತ್ತೆ ಎದ್ದು ಬಂದು ಒಲೆಯ ಮುಂದೆ ನನ್ನ ಪಕ್ಕ ಕೂತರು. "ಅವ್ವ ಕಂಡಳು. ನಮ್ಮನೆ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ನಾನು ದೂರ, ಹುಲ್ಲಿನ ಮೆದೆ ಹತ್ರ ಆಡ್ತಾ ಇದ್ದೆ. 'ಚೆಲುವೀ, ಕತ್ತಲಾಯ್ತು, ಒಳಗೆ ಬಾ' ಅಂತ ಕೂಗಿದಳು. ಹೊರಡೋದರೊಳಗೆ ಎಚ್ಚರ ಆಗಿಹೋಯ್ತು."

"ನಾಳೆ ಹೋಗ್ತೀರ ಬಿಡಿ."

"ಹೂಂ. ಸ್ವಲ್ಪ ಸ್ವಲ್ಪ ಹತ್ರ ಹೋಗ್ತೀನಿ."

ನಿದ್ದೆ ದಿನವೂ ಬರಲಿಲ್ಲ. ಬಂದ ದಿನ ಅತ್ತೆ ಬೆಳಿಗ್ಗೆ ವರದಿ ಒಪ್ಪಿಸುತ್ತಿದ್ದರು. ಇವತ್ತು ಬಾವಿಕಟ್ಟೆ ದಾಟಿದೆ. ಇವತ್ತು ದಾಸವಾಳದ ಗಿಡದ ತನಕ. ಇವತ್ತು ಅವ್ವನ ಸೀರೆಯ ಬಣ್ಣ ಗೊತ್ತಾಯ್ತು, ಹಸಿರು. ಒಳಗೆ ಒಲೆಯ ಮೇಲೆ ಏನೋ ಬೇಯುತ್ತಿದೆ, ಏನೆಂದು ವಾಸನೆ ಹತ್ತುತ್ತಿಲ್ಲ. ಇನ್ನು ಮೆಟ್ಟಿಲು ಮಾತ್ರ ಬಾಕಿ ಎಂದರು. ಪಂಡಿತರು ನಾಡಿ ನೋಡಿ ತಲೆಯಾಡಿಸಿದರು. "ಬೇರು ಬಿಡ್ತಾ ಇದೆ. ಈಗಲೇ ನೀನು ಹುಷಾರಾಗಿರಬೇಕಾದ್ದು."

ಆಗಲೇ ಕುಮುದ ಹೆರಿಗೆಗೆ ಬಂದಳು. ಹೆಣ್ಣು ಮಗು. ಮುದ್ದಾದ, ಕೋಪಿಷ್ಠ ಮಗು. ಹಗಲು ಇರುಳು ಎನ್ನದೆ ಮುಷ್ಟಿ ಕಟ್ಟಿಕೊಂಡು ಅಳುತ್ತಿತ್ತು. ಅತ್ತಾಗಲೆಲ್ಲ ಕುಮುದ ಅದರ ಪುಟ್ಟ ಪಾದಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಬೇಡ, ಸ್ವಲ್ಪ ಅಳಲಿ ಬಿಡು ಎಂದರೆ ಯಾವ ತಾಯಿ ಕೇಳುತ್ತಾಳೆ? ಊರಿಕೊಳ್ಳುವುದಕ್ಕೂ ಬಿಡುವು ಸಿಗದೆ ಅವಳ ನಿದ್ದೆ ಬತ್ತಿತು. ಹಾಲು ಕಡಿಮೆಯಾಯಿತು. ಒಂದು ದಿನ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಮಗು ಎಲ್ಲಿ ಎಂದು ಹುಡುಕಿದಳು.

ಅತ್ತೆಯ ಕೈ ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವತ್ತೇ ಎಳ್ಳೆಣ್ಣೆಯ ಡಬ್ಬವನ್ನೂ ಒಂದೆಲಗದ ಎಣ್ಣೆಯನ್ನೂ ಗಿರಣಿಗೆ ಸಾಗಿಸಿ ಬೀಗ ಹಾಕಿಸಿದೆ. ಹರಳೆಣ್ಣೆ ಹೂವಮ್ಮನ ಮನೆಗೆ ಹೋಯಿತು. ತುಪ್ಪ ಅಟ್ಟ ಸೇರಿತು. ಒಗ್ಗರಣೆಗೆ, ಬಾಣಂತಿಗೆ, ಮಗುವಿಗೆ ಬೇಕಾದಷ್ಟನ್ನು ಚಿಕ್ಕ ಬಾಟಲಿಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದೆ. ಹಳೆಯ ಸೀರೆಯ ಅಂಚಿನಲ್ಲಿ ಮಗುವಿಗೆ ಕಾಲುಚೀಲ ಹೊಲಿದು ತೊಡಿಸಿದೆ. ಅತ್ತೆ ಎತ್ತಿಕೊಳ್ಳುವಾಗ ಅದು ಬಿಗಿಯಾಗಿದೆಯೇ ನೋಡುತ್ತಿದ್ದೆ.

"ಒಗ್ಗರಣೆ ಕಾಣದ ಸಾರು, ಎಣ್ಣೆ ಮುಟ್ಟದ ಪಲ್ಯ," ಎಂದು ಅತ್ತೆ ತಟ್ಟೆಯ ಮುಂದೆ ಗೊಣಗಿದರು. "ಈ ಮನೇಲಿ ಬಾಣಂತಿ ಇದಾಳೋ, ಸನ್ಯಾಸಿ ಇಳಿದುಕೊಂಡಿದಾನೋ?"

"ಯಾಕೆ ಅಂತ ನಿಮಗೆ ಗೊತ್ತಲ್ಲ ಅತ್ತೆ."

"ಗೊತ್ತು ಕಣೆ. ಮಗೂನ ಕಾಲು ಮುಟ್ಟಲ್ಲ, ಕುಮುದನ ಕಾಲು ಮುಟ್ಟಲ್ಲ. ದೇವರ ಮುಂದೆ ಹೇಳ್ಲಾ? ಇನ್ನು ಒಂದು ಮೆಟ್ಟಿಲು ಇದೆ ನನಗೆ. ನನಗೂ ಆಸೆ ಇಲ್ವಾ?"

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಅವತ್ತು ಅವರು ಹೇಳಿದ್ದು ನಿಜವೇ ಎಂದು ಈಗಲೂ ನಂಬುತ್ತೇನೆ.

ಕುಮುದಳಿಗೆ ನಾನೇ ಕೊಡತೊಡಗಿದೆ. ಸಂಜೆ ಹೊತ್ತು ಅವಳ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕಿದರೆ ಮಗಳ ಮುಖ ಸಡಿಲವಾಗುತ್ತಾ ಬರುತ್ತಿತ್ತು, ಅವಳು ಚಿಕ್ಕವಳಾಗಿದ್ದಾಗಿನ ಹಾಗೆ. ಅದನ್ನು ನೋಡುತ್ತಾ ಕೈ ನಿಲ್ಲಿಸಲು ಆಗುತ್ತಿರಲಿಲ್ಲ. ಅವಳ ಹಾಲು ಹೆಚ್ಚಿತು, ಮಗು ಮೈತುಂಬಿಕೊಂಡಿತು. ನನ್ನ ಊಟೆ ಮಾತ್ರ ಹರೆಯದಲ್ಲಿದ್ದಂತೆ ಇರಲಿಲ್ಲ. ಗೋಡೆಗಳು ನನ್ನ ಕಡೆ ವಾಲಿದಂತೆ ಕಾಣತೊಡಗಿದವು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯದೆ ಎರಡು ಸಲ ಹಾಕುತ್ತಿದ್ದೆ. ಅತ್ತೆ ಒಂದು ಮಾತೂ ಆಡದೆ ಉಣ್ಣುತ್ತಿದ್ದರು. ಉಪ್ಪಿನ ವಿಷಯಕ್ಕೆ ಅವರು ಸುಮ್ಮನಿದ್ದಾಗಲೇ ನಾನು ಅರ್ಥಮಾಡಿಕೊಳ್ಳಬೇಕಿತ್ತು.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ನೀರು ಹುಯ್ಯುತ್ತಿದ್ದೆ. ಅತ್ತೆ ಟವಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇದ್ದಕ್ಕಿದ್ದಂತೆ ನನ್ನ ಮಣಿಕಟ್ಟಿಗೆ ಪೆಟ್ಟು ಬಿದ್ದು ಚೆಂಬು ಗೋಡೆಗೆ ಬಡಿದು ಉರುಳಿತು. ಗೋಡೆಯಿಂದ ಹಬೆ ಎದ್ದಿತು. ತಣ್ಣೀರು ಬೆರೆಸದೆ, ಕುದಿಯುವ ಹಂಡೆಯಿಂದ ಮೊಗೆದದ್ದನ್ನು ಹಾಗೆಯೇ ಮಗುವಿನ ಮೇಲೆ ಎತ್ತಿದ್ದೆ. ಕಣ್ಣು ತೆರೆದೇ ಇತ್ತು, ನಾನು ಒಳಗಿರಲಿಲ್ಲ.

ಅತ್ತೆ ಬೈಯಲಿಲ್ಲ. ಮಗುವನ್ನು ಟವಲಿನಲ್ಲಿ ಸುತ್ತಿ ಎತ್ತಿಕೊಂಡು ಹೋದರು. ಕಾಲುಚೀಲ ಬಿಗಿಯಾಗಿ ಕಟ್ಟಿ ನನಗೆ ತೋರಿಸಿದರು, ನೋಡು ಎನ್ನುವ ಹಾಗೆ.

ಅವತ್ತು ಅವರಿಗೆ ಎಣ್ಣೆ ಹಾಕುವ ದಿನ. ಮಧ್ಯಾಹ್ನ ಗಿರಣಿಯಿಂದ ಬೇಕಾದಷ್ಟೇ ಒಂದೆಲಗದ ಎಣ್ಣೆ ತಂದು ಬೆಚ್ಚಗೆ ಮಾಡಿ ಅವರ ನೆತ್ತಿಗೆ ಸುರಿದು, ತಟ್ಟಿ, ಕೂದಲ ಬುಡಕ್ಕೆಲ್ಲ ಇಳಿಸಿದೆ. ಸುಕ್ಕು ಹಣೆಯ ಮೇಲೆ ಎಣ್ಣೆ ಇಳಿದು ಬರುವಾಗ ಸೆರಗಿನಿಂದ ಒರೆಸಿದೆ.

"ಇವತ್ತು ಸ್ವಲ್ಪ ಜಾಸ್ತಿನೇ ಹಾಕು," ಎಂದರು ಅತ್ತೆ.

"ಯಾಕೆ, ಇವತ್ತು ಮೆಟ್ಟಿಲು ಹತ್ತೋ ಯೋಚನೆನಾ?"

"ಹೂಂ ಅಂದುಕೊ. ನೀರು ಕಾಯೋ ತನಕ ನೀನೂ ಇಲ್ಲೇ ಕಂಬಕ್ಕೆ ಒರಗಿಕೊ. ಕಾಲು ಚಾಚು ಪಂಕಜಾ, ಯಾವಾಗ ನೋಡಿದರೂ ಕುಕ್ಕರುಗಾಲಲ್ಲೇ ಇರ್ತೀಯ."

ಒರಗಿದೆ. ಕಾಲು ಚಾಚಿದೆ. ಬಾಟಲಿ ಸೊಂಟದಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡೆ, ಇತ್ತು.

ಎದ್ದಾಗ ಬೆಳಗಾಗಿತ್ತು. ಗಿರಣಿಯ ಸದ್ದು ಕೇಳುತ್ತಿತ್ತು. ಮೈ ಹತ್ತಿಯಷ್ಟು ಹಗುರ. ಹೀಗೆ ನಾನು ಯಾವಾಗ ಮಲಗಿದ್ದೆನೋ ನೆನಪೇ ಇಲ್ಲ. ನಿದ್ದೆಯಲ್ಲಿ ಒಂದು ಹುಲ್ಲಿನ ಮೆದೆ ಕಂಡಿತ್ತು, ಒಂದು ಬಾವಿಕಟ್ಟೆ, ಒಂದು ದಾಸವಾಳದ ಗಿಡ. ಅದೆಲ್ಲಿಯ ಹಿತ್ತಲು ಎಂದು ಯೋಚಿಸುತ್ತಾ ಕಾಲು ಮಡಚಿದೆ. ಅಂಗಾಲುಗಳಿಂದ ಒಂದೆಲಗದ ಘಮ ಬಂತು.

ಅತ್ತೆ ಎದುರಿಗೇ ಕೂತು ಅಕ್ಕಿ ಆರಿಸುತ್ತಿದ್ದರು. ಅವರ ಕೂದಲು ಒರೆಸಿ ತೆಗೆದ ಬಾಣಲೆಯ ಹಾಗೆ ಒಣಗಿತ್ತು, ಅಂಗೈಯಿಂದ ಹಿಂದಕ್ಕೆ ತೀಡಿ ತೀಡಿ ಎದ್ದು ನಿಂತಿತ್ತು. ಊರಿನ ಎಣ್ಣೆಯನ್ನೆಲ್ಲ ಬಚ್ಚಿಟ್ಟ ನಾನು, ಅವರ ತಲೆಯ ಮೇಲೆ ನಾನೇ ಸುರಿದದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮಗುವಿನ ಪಾದ ಕಾದೆ, ಮಗಳ ಪಾದ ಕಾದೆ. ನನಗೂ ಪಾದಗಳಿವೆ, ಈ ಮನೆಯಲ್ಲಿ ನಾನೂ ಅವರಿಗೆ ಚಿಕ್ಕವಳೇ ಎನ್ನುವುದು ತಲೆಗೇ ಬಂದಿರಲಿಲ್ಲ.

"ಏನು ಮಾಡಿದಿರಿ ಅತ್ತೆ!" ಎಂದೆ.

"ಮಾತು ತಪ್ಪಲಿಲ್ಲ ನಾನು. ಮಗೂನ ಮುಟ್ಟಲಿಲ್ಲ, ಕುಮುದನ್ನೂ ಮುಟ್ಟಲಿಲ್ಲ."

"ಒಂದು ಕಾಲಾದರೂ ಬಿಡಬಾರದಿತ್ತಾ?"

"ಒಂದಕ್ಕೇ ನಿಲ್ಲಿಸೋಣ ಅಂತಲೇ ಹಿಡಿದೆ ಕಣೆ." ಅವರು ಮೊರವನ್ನು ಕೆಳಗಿಟ್ಟರು. "ಮಗೂಗೆ ನೀರು ಹುಯ್ಯೋ ಕೈ ನೆಟ್ಟಗಿರಬೇಕಲ್ಲ. ನಿನ್ನ ಹಿಮ್ಮಡಿ ನೋಡಿದೆ. ಅದೇನು ಒಡಕು ಪಂಕಜಾ, ಬಿಸಿಲಿಗೆ ಒಣಗಿದ ಗದ್ದೆ ಹಾಗೆ. ಈ ಮನೆಗೆ ಬಂದಾಗ ಹೇಗಿತ್ತು ಆ ಕಾಲು! ಹಚ್ಚುತ್ತಾ ಹಚ್ಚುತ್ತಾ ಕೈ ನಿಲ್ಲಲೇ ಇಲ್ಲ."

ಅವರ ಪಾದಗಳನ್ನು ಎಳೆದುಕೊಂಡು ಸೊಂಟದ ಬಾಟಲಿಯ ಎಣ್ಣೆಯನ್ನೆಲ್ಲ ಸುರಿದು ತಿಕ್ಕಿದೆ. ತಿಕ್ಕಿಯೇ ತಿಕ್ಕಿದೆ. ಅತ್ತೆ ತಡೆಯಲಿಲ್ಲ. ನನಗೆ ಆಕಳಿಕೆ ಬರಲಿಲ್ಲ, ಅವರ ರೆಪ್ಪೆ ಭಾರವಾಗಲಿಲ್ಲ. ಎಣ್ಣೆ ಚಾಪೆಗೆ ಹತ್ತಿತು.

ಪಂಡಿತರು ಈ ಸಲ ಅಂಗೈಯನ್ನು ಬೆಳಕಿಗೆ ಹಿಡಿಯಲಿಲ್ಲ. "ಸುಳ್ಳು ಹೇಳಲ್ಲಮ್ಮ. ಈ ವಯಸ್ಸಿಗೆ ಎರಡನೇ ಸಲ ಚಿಗುರಿದ್ದನ್ನ ನಾನು ನೋಡಿಲ್ಲ. ಹಾಗಂತ ನಿಲ್ಲಿಸಬೇಡ. ಮೈನೋವಾದರೂ ಇಳಿಯುತ್ತೆ." ದಾರಿಯಲ್ಲಿ ಅತ್ತೆ ನನ್ನ ಭುಜ ಹಿಡಿದು ನಡೆಯುತ್ತಾ ಕೇಳಿದರು, "ಹಾಗಾದರೆ ಕಾಫಿ ಕುಡೀಬಹುದಲ್ಲ?" ಅವತ್ತು ಮಧ್ಯಾಹ್ನ ಕಾಫಿ ಮಾಡಿ ಕೊಟ್ಟೆ, ಲೋಟದ ತುಂಬ. ಅರ್ಧ ಕುಡಿದು, ಮೊದಲಿನ ರುಚಿ ಇಲ್ಲ ಎಂದು ಪಕ್ಕಕ್ಕಿಟ್ಟರು.

ನಿಲ್ಲಿಸಿಲ್ಲ. ಹಿತ್ತಲಿನಲ್ಲಿ ಒಂದೆಲಗ ಮತ್ತೆ ಹಬ್ಬಿದೆ. ಎಳೆಬಿಸಿಲು, ನೆತ್ತಿಗೆ ಎಣ್ಣೆ, ಜಾಯಿಕಾಯಿಯ ಹಾಲು ಎಲ್ಲವೂ ನಡೆಯುತ್ತಿವೆ. "ಬೇರೆ ಏನು ಬಿಟ್ಟರೂ ಗಸಗಸೆ ಪಾಯಸ ಬಿಡಬೇಡ," ಎನ್ನುತ್ತಾರೆ ಅತ್ತೆ, "ನಿದ್ದೆ ಬರದಿದ್ದರೂ ಅದು ಪಾಯಸವೇ." ಕುಮುದ ಮಗುವನ್ನು ಕರೆದುಕೊಂಡು ಗಂಡನ ಮನೆಗೆ ಹೋದಳು. ಮಗುವಿನ ಮೈಮೇಲೆ ಒಂದು ಕಲೆಯಿಲ್ಲ. ಹೂವಮ್ಮ ಬಂದು, ನಿಮ್ಮತ್ತೆ ಅದೃಷ್ಟವಂತೆ, ಎಂಥ ಸೊಸೆ ಎಂದು ಹೊಗಳಿದಾಗ ನಾನು ಎದ್ದು ಒಳಗೆ ಹೋಗುತ್ತೇನೆ.

ನಾನು ಚೆನ್ನಾಗಿ ಮಲಗುತ್ತೇನೆ. ಅದೇ ನನಗೆ ಸಹಿಸಲಾಗದ್ದು. ದಿಂಬಿಗೆ ತಲೆ ಕೊಟ್ಟ ಕೂಡಲೆ ಹುಲ್ಲಿನ ಮೆದೆ, ಬಾವಿಕಟ್ಟೆ, ದಾಸವಾಳ. ಹಸಿರು ಸೀರೆಯ ಹೆಂಗಸು ಹಿತ್ತಲ ಬಾಗಿಲಲ್ಲಿ ನಿಂತು ಕೂಗುತ್ತಾಳೆ. ನನಗೆ ಮೆಟ್ಟಿಲು ಹತ್ತಲು ಕಷ್ಟವೇ ಆಗಲಿಲ್ಲ. ಮೊದಲ ವಾರದಲ್ಲೇ ಒಳಗೆ ಹೋಗಿಬಿಟ್ಟೆ.

ಬೆಳಿಗ್ಗೆ ಒಲೆಯ ಮುಂದೆ ಅತ್ತೆ ಕಾದು ಕೂತಿರುತ್ತಾರೆ. ಈಗ ವರದಿ ಒಪ್ಪಿಸುವವಳು ನಾನು. ಒಲೆಯ ಮೇಲೆ ಬೇಯುತ್ತಿದ್ದದ್ದು ಹುರುಳಿಕಾಳು ಎಂದು ಹೇಳಿದ ದಿನ ಅವರು, "ಹೌದು ಕಣೆ, ಹುರುಳಿ! ನಾನು ಅವರೆ ಅಂದುಕೊಂಡಿದ್ದೆ," ಎಂದು ಸಂತೋಷಪಟ್ಟರು. ಗೂಡಿನಲ್ಲಿ ಮುರಿದ ಹಲ್ಲಿನ ಬಾಚಣಿಗೆ ಇದೆಯಾ? ಇದೆ. ಬಾಗಿಲ ಹಿಂದೆ ಅಪ್ಪನ ಕಂಬಳಿ? ಅದೂ ಇದೆ. ಒಂದೊಂದಕ್ಕೂ ಅವರು ತಲೆಯಾಡಿಸುತ್ತಾರೆ.

ಇವತ್ತು ಅತ್ತೆ ಕೇಳಿದರು. "ಅವ್ವ ನನ್ನ ಕೇಳ್ತಾಳಾ?"

ಕೇಳುತ್ತಾರೆ ಎಂದು ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ. "ಕೇಳಲ್ಲ ಅತ್ತೆ," ಎಂದೆ. "ನಾನೇ ನೀವು ಅಂದುಕೊಂಡಿದಾರೆ. ಚೆಲುವೀ ಅಂತಲೇ ಕರೆದು, ತಲೆ ಬಾಚಿ, ಪಕ್ಕದಲ್ಲಿ ಮಲಗಿಸಿಕೊಳ್ತಾರೆ."

ಅತ್ತೆ ಒಲೆಯ ಕೊಳ್ಳಿಯನ್ನು ಒಳಗೆ ತಳ್ಳಿದರು. ಹಾಲು ಉಕ್ಕಿ ಬಂತು, ಇಳಿಸಿದೆ.

"ಹಾಗಾದರೆ ನೀನು ಹೊತ್ತು ಮಾಡಬೇಡ," ಎಂದರು ಕೊನೆಗೆ. "ಕತ್ತಲಾದ ಕೂಡಲೆ ಕೆಲಸ ಮುಗಿಸಿ ಮಲಗಿಬಿಡು ಪಂಕಜಾ. ನಾನು ಬರೋ ತನಕ ಅವಳು ಬಾಗಿಲು ಹಾಕ್ತಿರಲಿಲ್ಲ."